ಪರದೇಶಿಗಳ ಹೆದ್ದಾರಿ

ಕನ್ನಡದ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ನಿಘಂಟಿನ ಅರ್ಥ. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಜನರ ಬಾಯಲ್ಲಿ ಬೆಳೆದ ಅರ್ಥ. ಊರು ಬಿಟ್ಟವನಿಗೆ ಹಿಂದೆಮುಂದೆ ಯಾರೂ ಇಲ್ಲವೆಂಬ ಅನುಭವವೇ ಒಂದರಿಂದ ಇನ್ನೊಂದನ್ನು ಹುಟ್ಟಿಸಿರಬೇಕು. ಲ್ಯಾಟಿನ್ ಭಾಷೆಯಲ್ಲಿಯೂ ಇದಕ್ಕೆ ಹತ್ತಿರದ ಶಬ್ದವೊಂದಿದೆ: ‘ಪೆರೆಗ್ರಿನುಸ್’. ರೋಮನರ ಕಾಲದಲ್ಲಿ ಅದಕ್ಕೆ ಪರಕೀಯ ಎಂದರ್ಥ. ಕ್ರೈಸ್ತಯುಗದಲ್ಲಿ ಅದೇ ಶಬ್ದ ಯಾತ್ರಿಕನ ಹೆಸರಾಯಿತು. ಇಂಗ್ಲಿಷಿನ ‘ಪಿಲ್‌ಗ್ರಿಮ್’ ಅದರ ವಂಶದ್ದೇ. ಇಟಲಿಯ ಮಹಾಕವಿ ದಾಂತೆ ತನ್ನ ಯೌವನದ ಕೃತಿಯಾದ ‘ವೀತಾ ನುಓವಾ’ದಲ್ಲಿ ಈ ಶಬ್ದವನ್ನು ಬಿಡಿಸಿ ನೋಡುತ್ತಾನೆ. ಜೆರೂಸಲೇಮಿಗೆ ಹೋಗುವವರಿಗೆ ಬೇರೆ ಹೆಸರು, ರೋಮಿಗೆ ಹೋಗುವವರಿಗೆ ಬೇರೆ ಹೆಸರು. ‘ಪೆರೆಗ್ರಿನೊ’ ಎಂದು ನಿಜವಾಗಿ ಕರೆಯಬೇಕಾದದ್ದು ಗಲೀಸಿಯದಲ್ಲಿರುವ ಸಂತ ಯಾಕೋಬನ ಸಮಾಧಿಗೆ ಹೋಗುವವರನ್ನು ಎಂಬುದು ಅವನ ಅಭಿಪ್ರಾಯ. ಅದಕ್ಕೆ ಅವನು ಕೊಡುವ ಕಾರಣ ಸೊಗಸಾಗಿದೆ. ಯೇಸುವಿನ ಶಿಷ್ಯರಲ್ಲಿ ತನ್ನ ತಾಯ್ನಾಡಿಗೆ ಅಷ್ಟು ದೂರದಲ್ಲಿ ಮಣ್ಣಾದವನು ಇನ್ನೊಬ್ಬನಿಲ್ಲ. ಅಂದರೆ ಆ ಸಂತನೇ ಒಬ್ಬ ಪರದೇಶಿ. ಅವನನ್ನು ನೋಡಲು ಹೋಗುವವರೂ ಪರದೇಶಿಗಳು.

ಆ ಸಮಾಧಿಯಿರುವ ಊರು ಸ್ಪೇನಿನ ವಾಯವ್ಯ ಮೂಲೆಯ ಸಾಂತಿಯಾಗೊ ದೆ ಕೊಂಪೊಸ್ತೆಲಾ. ‘ಸಾಂತಿಯಾಗೊ’ ಎಂದರೆ ಸಂತ ಯಾಕೋಬ ಎಂದೇ. ಅಲ್ಲಿಗೆ ಯುರೋಪಿನ ಎಲ್ಲ ದಿಕ್ಕುಗಳಿಂದ ದಾರಿಗಳು ಹರಿದು ಬರುತ್ತವೆ. ಅವುಗಳಲ್ಲಿ ಹೆಸರಾದದ್ದು ಫ್ರಾನ್ಸಿನ ಗಡಿಯ ಸೇಂಟ್ ಝಾನ್ ಪಿಯೆ ದ ಪೋರ್ ಎಂಬ ಊರಿನಿಂದ ಪಿರನೀಸ್ ಪರ್ವತಗಳನ್ನು ದಾಟಿ ಹೋಗುವ ‘ಫ್ರೆಂಚ್ ದಾರಿ’. ಉದ್ದ ಸುಮಾರು 780 ಕಿಲೊಮೀಟರು. ಪೂರ್ತಿ ನಡೆಯಲು ಒಂದು ತಿಂಗಳಿಗೂ ಮೇಲೆ ಬೇಕು. ಅಧ್ಯಾಪಕನ ರಜೆ, ಅಧ್ಯಾಪಕನ ಸಂಬಳ ಎರಡನ್ನೂ ಲೆಕ್ಕ ಹಾಕಿ, ಒಂದು ಬೇಸಿಗೆಯಲ್ಲಿ ನಾನು ಲೆಯೋನ್ ನಗರದಿಂದ ಆಚೆಗಿನ ಮುನ್ನೂರು ಚಿಲ್ಲರೆ ಕಿಲೊಮೀಟರುಗಳನ್ನು ಹದಿನೈದು ದಿನಗಳಲ್ಲಿ ನಡೆದೆ.

ಕ್ರೈಸ್ತನಲ್ಲದ ಕನ್ನಡದ ಮೇಷ್ಟರಿಗೆ ಅಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ತರಗತಿಯಲ್ಲಿ ಒಮ್ಮೆ ಸ್ಥಳಪುರಾಣಗಳ ಬಗ್ಗೆ ಪಾಠ ಹೇಳುತ್ತಿದ್ದೆ. ಶಾಸನಗಳ ಆಧಾರದಿಂದ ನೋಡಿದರೆ ಪುರಾಣ ಹೇಳುವ ಕಾಲ ಒಂದು, ಗುಡಿ ಕಟ್ಟಿದ ಕಾಲ ಇನ್ನೊಂದು ಎಂದು ವಿವರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸಾರ್, ನಮ್ಮಮ್ಮ ಪ್ರತಿವರ್ಷ ಯುಗಾದಿಗೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಾರೆ. ಪುರಾಣ ಸುಳ್ಳಾದರೆ ಅಮ್ಮ ನಡೆದದ್ದೂ ಸುಳ್ಳೇ?” ಎಂದು ಕೇಳಿದಳು. ಅವಳ ದನಿಯಲ್ಲಿ ವಾದದ ಹುರುಪಿರಲಿಲ್ಲ. ತಾಯಿಯ ಮಾನದ ಪ್ರಶ್ನೆಯಿತ್ತು. ಗಂಟೆ ಹೊಡೆಯಿತೆಂದು ಮರೆತುಬಿಡುವ ಪ್ರಶ್ನೆ ಅದಲ್ಲ. ನನ್ನದಲ್ಲದ ಧರ್ಮದ, ನನ್ನದಲ್ಲದ ನಾಡಿನ ಯಾತ್ರೆಯೊಂದನ್ನು ನೋಡಿದರೆ ಅಭಿಮಾನವೂ ಸಂಕೋಚವೂ ಅಡ್ಡ ಬರದೆ ಇದನ್ನು ಯೋಚಿಸಬಹುದು ಎನಿಸಿತು. ಈ ಯಾತ್ರೆಯ ಮೂಲದ ಬಗ್ಗೆಯಂತೂ ಇತಿಹಾಸಕಾರರು ಏನನ್ನೂ ಮುಚ್ಚಿಟ್ಟಿಲ್ಲ.

ಮೊದಲು ಸಂತನ ಕಥೆ. ಜೆಬೆದಾಯನ ಮಗನಾದ ಯಾಕೋಬ ಗಲಿಲಾಯದ ಬೆಸ್ತ, ಯೋಹಾನನ ಅಣ್ಣ. ಹೆರೋದ ಅರಸನು ಅವನನ್ನು ಕತ್ತಿಯಿಂದ ಕೊಲ್ಲಿಸಿದನೆಂದು ಬೈಬಲಿನ ‘ಅಪೋಸ್ತಲರ ಕೃತ್ಯಗಳು’ ಹೇಳುತ್ತದೆ. ಅದು ಕ್ರಿ. ಶ. 44ರ ಸುಮಾರಿನ ಮಾತು. ಅವನು ಸ್ಪೇನಿಗೆ ಹೋಗಿದ್ದನೆಂದು ಅಲ್ಲಿ ಒಂದಕ್ಷರವೂ ಇಲ್ಲ. ಅವನು ಸ್ಪೇನಿನಲ್ಲಿ ಉಪದೇಶ ಮಾಡಿದನೆಂಬ ಪ್ರತೀತಿ ಪ್ರಚಾರಕ್ಕೆ ಬರುವುದು ಏಳನೆಯ ಶತಮಾನದ ಹೊತ್ತಿಗೆ. ಮುಂದೆ ಶಿಷ್ಯರು ಅವನ ದೇಹವನ್ನು ದೋಣಿಯಲ್ಲಿಟ್ಟರು, ದೋಣಿ ತಾನಾಗಿಯೇ ಗಲೀಸಿಯದ ಕಡಲತೀರಕ್ಕೆ ಬಂದು ತಾಗಿತು ಎಂಬ ಕಥೆ ಸೇರಿತು. ಆಮೇಲೆ ಎಂಟು ಶತಮಾನ ಎಲ್ಲರೂ ಆ ಸಮಾಧಿಯನ್ನು ಮರೆತಿದ್ದರು. 820-830ರ ಸುಮಾರಿಗೆ ಪೆಲಾಯೊ ಎಂಬ ಏಕಾಂತವಾಸಿ ಕಾಡಿನ ಮೇಲೆ ಬೆಳಕು ಮಿನುಗುವುದನ್ನು ಕಂಡ. ಇರಿಯಾ ಊರಿನ ಬಿಷಪ್ ತಿಯೊದೊಮಿರೊ ಬಂದು ಅಗೆಸಿ ಸಮಾಧಿಯನ್ನು ಗುರುತಿಸಿದ. ಅಸ್ತೂರಿಯಾಸಿನ ದೊರೆ ಇಮ್ಮಡಿ ಅಲ್ಫೊನ್ಸೊ ತಾನೇ ಬಂದು ಅಲ್ಲಿ ಒಂದು ಇಗರ್ಜಿಯನ್ನು ಕಟ್ಟಿಸಿದ. ಈ ಕಥೆ ಇಷ್ಟು ವಿವರವಾಗಿ ಬರಹಕ್ಕಿಳಿದದ್ದು 1077ರಷ್ಟು ತಡವಾಗಿ.

ಕಥೆಯ ಹಿಂದಿನ ಕಾಲವನ್ನೂ ನೋಡಬೇಕು. 711ರಲ್ಲಿ ಮುಸ್ಲಿಂ ಸೇನೆ ಜಿಬ್ರಾಲ್ಟರನ್ನು ದಾಟಿ ಬಂದ ಮೇಲೆ ಸ್ಪೇನಿನ ಬಹುಭಾಗ ಅವರ ಆಳ್ವಿಕೆಗೆ ಸೇರಿತ್ತು. ಉತ್ತರದ ಬೆಟ್ಟಗಳಲ್ಲಿ ಅಸ್ತೂರಿಯಾಸ್ ಎಂಬ ಸಣ್ಣ ಕ್ರೈಸ್ತರಾಜ್ಯವೊಂದು ಜೀವ ಹಿಡಿದುಕೊಂಡಿತ್ತು. ದಕ್ಷಿಣದಲ್ಲಿ ಕಾರ್ಡೊಬಾದಂಥ ವೈಭವದ ರಾಜಧಾನಿ. ಇಲ್ಲಿ ಬಡತನ, ಮಳೆ, ಕಲ್ಲು. ಇಂಥ ರಾಜ್ಯಕ್ಕೆ ಒಬ್ಬ ಅಪೋಸ್ತಲನ ಆಸರೆ ಎಷ್ಟು ದೊಡ್ಡದೆಂದು ಊಹಿಸುವುದು ಕಷ್ಟವಲ್ಲ. ಸಮಾಧಿ ಸಿಗುವುದಕ್ಕೆ ಹಲವು ದಶಕಗಳ ಮೊದಲೇ, ಎಂಟನೆಯ ಶತಮಾನದ ಕೊನೆಯಲ್ಲಿ, ಯಾಕೋಬನನ್ನು ಸ್ಪೇನಿನ ರಕ್ಷಕನೆಂದು ಕೊಂಡಾಡುವ ಸ್ತೋತ್ರ ಆ ರಾಜ್ಯದಲ್ಲಿ ಹುಟ್ಟಿತ್ತು. ಬೇಡಿಕೆ ಮೊದಲು ಬಂತು, ಸಮಾಧಿ ಆಮೇಲೆ ಸಿಕ್ಕಿತು.

ಹಾಗೆಂದು ಎಲ್ಲವೂ ಕಟ್ಟುಕಥೆಯೆಂದು ಕೈ ತೊಳೆದುಕೊಳ್ಳಲೂ ಬರುವುದಿಲ್ಲ. ತಿಯೊದೊಮಿರೊ ಎಂಬ ಬಿಷಪನೇ ಇರಲಿಲ್ಲ, ಅವನೂ ಕಲ್ಪನೆಯ ವ್ಯಕ್ತಿ ಎಂದು ಹಲವು ವಿದ್ವಾಂಸರು ತಿಳಿದಿದ್ದರು. 1955ರಲ್ಲಿ ಮಹಾದೇವಾಲಯದ ನೆಲದಡಿಯಲ್ಲಿ ಅಗೆಯುತ್ತಿದ್ದಾಗ ಅವನ ಸಮಾಧಿಯ ಕಲ್ಲು ಸಿಕ್ಕಿತು. ಅದರ ಮೇಲೆ ಹೆಸರೂ ಇತ್ತು, 847ರ ಮರಣದ ದಿನಾಂಕವೂ ಇತ್ತು. ತನ್ನ ಪೀಠದ ಊರನ್ನು ಬಿಟ್ಟು ತಾನು ಕಂಡ ಸಮಾಧಿಯ ಪಕ್ಕದಲ್ಲೇ ಮಣ್ಣಾಗಲು ಅವನು ಬಯಸಿದ್ದನೆಂದ ಮೇಲೆ, ಅವನಾದರೂ ಅದನ್ನು ಮನಸಾರೆ ನಂಬಿದ್ದನೆಂದು ತೋರುತ್ತದೆ. ‘ಕೊಂಪೊಸ್ತೆಲಾ’ ಎಂಬ ಹೆಸರನ್ನು ‘ನಕ್ಷತ್ರದ ಬಯಲು’ ಎಂದು ಬಿಡಿಸುವುದು ಜನಪ್ರಿಯ ನಿರುಕ್ತಿ. ಹೂಳುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದೆಂಬುದು ಭಾಷಾಶಾಸ್ತ್ರಜ್ಞರಲ್ಲಿ ಹಲವರ ಮತ. ದೇವಾಲಯದ ಅಡಿಯಲ್ಲಿ ರೋಮನರ ಕಾಲದಿಂದ ಬಂದ ಹಳೆಯ ಸ್ಮಶಾನವೇ ಕಂಡುಬಂದಿದೆ. ಆ ಮೂಳೆಗಳು ಪ್ರಿಸಿಲಿಯನ್ ಎಂಬವನವು ಎಂಬ ಊಹೆಯೂ ಉಂಟು. ಅವನು 385ರಲ್ಲಿ ಟ್ರಿಯರ್ ನಗರದಲ್ಲಿ ಪಾಷಂಡಿಯೆಂದು ಶಿರಚ್ಛೇದಕ್ಕೆ ಗುರಿಯಾದ ಸ್ಪೇನಿನ ಬಿಷಪ್. 1900ರಲ್ಲಿ ಫ್ರೆಂಚ್ ವಿದ್ವಾಂಸ ಲೂಯಿ ದುಶೆನ್ ಈ ಊಹೆಯನ್ನು ಮುಂದಿಟ್ಟ. ಅದು ನಿಜವಾದರೆ ಧರ್ಮಪೀಠ ತಾನು ಹೊರದೂಡಿದವನಿಗೇ ಸಾವಿರ ವರ್ಷ ಧೂಪ ಹಾಕಿದಂತಾಯಿತು!

ಇದಿಷ್ಟಾದರೆ ಪಂಡಿತರ ಚರ್ಚೆ. ಮನಸ್ಸನ್ನು ಕಲಕುವುದು ಮುಂದಿನ ಅಧ್ಯಾಯ. 844ರಲ್ಲಿ ಕ್ಲಾವಿಹೊ ಎಂಬಲ್ಲಿ ನಡೆದ ಯುದ್ಧದಲ್ಲಿ ಯಾಕೋಬನು ಬಿಳಿಯ ಕುದುರೆಯೇರಿ, ಕತ್ತಿ ಹಿರಿದು ಬಂದು ಮುಸ್ಲಿಮರನ್ನು ಕಡಿದನೆಂದು ಕಥೆ. ಅಂಥ ಯುದ್ಧವೇ ನಡೆಯಲಿಲ್ಲವೆಂಬುದು ಇಂದಿನ ಇತಿಹಾಸಕಾರರ ನಿರ್ಣಯ. ಆದರೆ ಆ ಜಯದ ಹರಕೆಯೆಂದು ಹೇಳಿ ಹನ್ನೆರಡನೆಯ ಶತಮಾನದಲ್ಲಿ ಒಂದು ಕೃತಕ ದಾನಪತ್ರವನ್ನು ಸೃಷ್ಟಿಸಿದರು. ಅದರ ಬಲದಿಂದ ರೈತರು ಶತಮಾನಗಳ ಕಾಲ ಸಾಂತಿಯಾಗೊದ ದೇವಾಲಯಕ್ಕೆ ಧಾನ್ಯ ಅಳೆದರು. 1812ರಲ್ಲಿ ಕಾದಿಸ್ ನಗರದಲ್ಲಿ ಸೇರಿದ್ದ ಸ್ಪೇನಿನ ಜನಪ್ರತಿನಿಧಿಗಳ ಸಭೆ ಈ ತೆರಿಗೆಯನ್ನು ರದ್ದು ಮಾಡಿತು. ಬಲೆ ಬೀಸುತ್ತಿದ್ದ ಬೆಸ್ತನಿಗೆ ‘ಮೂರರನ್ನು ಕೊಲ್ಲುವವನು’ ಎಂಬ ಅರ್ಥದ ‘ಮಾತಾಮೋರೊಸ್’ ಎಂಬ ಬಿರುದು ಬಂತು. ಅವನ ಹೆಸರು ಯುದ್ಧದ ಕೂಗಾಯಿತು. ಸ್ಪೇನಿನ ದಂಡಿನೊಡನೆ ಅಮೆರಿಕಕ್ಕೂ ಹೋಯಿತು. 1498ರಲ್ಲಿ ಕಲ್ಲಿಕೋಟೆಗೆ ಬಂದು, ಮರಳುವಾಗ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಸಿಕೊಂಡ ವಾಸ್ಕೊ ಡ ಗಾಮಾ ಕೂಡ ಈ ಸಂತನ ಹೆಸರಿನ ಯೋಧಸಂಘದ ಸದಸ್ಯನೇ.

ಇನ್ನೊಂದು ಪಕ್ಷವೂ ಹಿಂದೆ ಬೀಳಲಿಲ್ಲ. 997ರಲ್ಲಿ ಕಾರ್ಡೊಬಾದ ಸರದಾರ ಅಲ್ಮನ್ಸೂರ್ ಸಾಂತಿಯಾಗೊವನ್ನು ಸುಟ್ಟ. ಸಮಾಧಿಯನ್ನು ಮುಟ್ಟದಿದ್ದರೂ ದೇವಾಲಯದ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಕಾರ್ಡೊಬಾಕ್ಕೆ ಒಯ್ಯಿಸಿದನೆಂದು ಹೇಳುತ್ತಾರೆ. 1236ರಲ್ಲಿ ಕಾರ್ಡೊಬಾ ಕ್ರೈಸ್ತರ ವಶವಾದಾಗ ಅವೇ ಗಂಟೆಗಳು ಮುಸ್ಲಿಂ ಸೆರೆಯಾಳುಗಳ ಹೆಗಲೇರಿ ಹಿಂದಿರುಗಿದವು. ಗಂಟೆ ಅದೇ, ದಾರಿ ಅದೇ, ಭಾರವೂ ಅದೇ; ಬದಲಾದದ್ದು ಹೆಗಲು ಮಾತ್ರ.

ಕುದುರೆ ಏರಿದ ಯಾಕೋಬನ ಹದಿನೆಂಟನೆಯ ಶತಮಾನದ ಮೂರ್ತಿಯೊಂದು ಮಹಾದೇವಾಲಯದಲ್ಲಿತ್ತು. 2004ರಲ್ಲಿ ಅದನ್ನು ಅಲ್ಲಿಂದ ತೆಗೆದು ವಸ್ತುಸಂಗ್ರಹಾಲಯಕ್ಕೆ ಸಾಗಿಸುವ ಮಾತು ಬಂದಾಗ ದೊಡ್ಡ ಗದ್ದಲವಾಯಿತು. ಕೊನೆಗೆ ಮೂರ್ತಿಯನ್ನು ಉಳಿಸಿಕೊಂಡು, ಕುದುರೆಯ ಕಾಲಡಿಯಲ್ಲಿ ಬಿದ್ದಿದ್ದ ಮನುಷ್ಯರು ಕಾಣದಂತೆ ಹೂಗಳನ್ನಿರಿಸುವ ಉಪಾಯ ಮಾಡಿದರು. ಅದರ ಉದ್ದೇಶ ಒಳ್ಳೆಯದೇ. ಆದರೂ ಹೂವಿನಡಿ ಮುಚ್ಚಿಟ್ಟ ಇತಿಹಾಸ ಅಲ್ಲಿಯೇ ಇರುತ್ತದೆ; ಹೂ ಬಾಡಿದ ದಿನ ಹೊರಗೆ ಬರುತ್ತದೆ. ಹೀಗೆ ಒಂದು ಇತ್ತೆಂದು ನೋಡಿ ತಿಳಿದು, ಇನ್ನು ಬೇಡವೆಂದು ಹೇಳುವುದು ಮೇಲಲ್ಲವೆ?

ಹಾಗಾದರೆ ಈ ದಾರಿಯಲ್ಲಿ ನಿಜವಾದದ್ದು ಯಾವುದು? ನನಗೆ ಅದರ ಉತ್ತರ ಸಿಕ್ಕಿದ್ದು ಸಮಾಧಿಯ ಬಳಿ ಅಲ್ಲ, ಸೇತುವೆಗಳ ಮೇಲೆ. ಹನ್ನೊಂದನೆಯ ಶತಮಾನದಲ್ಲಿ ಯಾತ್ರಿಕರು ಹೆಚ್ಚಿದಾಗ ಅವರಿಗೆ ಎದುರಾದ ದೊಡ್ಡ ಶತ್ರುಗಳು ನದಿ, ಕೆಸರು, ಹಿಮ ಮತ್ತು ಕಳ್ಳರು. ದೊಮಿಂಗೊ ಎಂಬ ಹಳ್ಳಿಗನೊಬ್ಬ ಸನ್ಯಾಸಿಯಾಗಬೇಕೆಂದು ಎರಡು ಮಠಗಳ ಬಾಗಿಲು ತಟ್ಟಿದನಂತೆ. ಎರಡರಲ್ಲಿಯೂ ಅವನನ್ನು ಸೇರಿಸಿಕೊಳ್ಳಲಿಲ್ಲವಂತೆ. ಅವನು ಕಾಡು ಕಡಿದು ರಸ್ತೆ ಮಾಡಿದ, ಓಹಾ ನದಿಗೆ ಸೇತುವೆ ಹಾಕಿದ, ದಣಿದವರಿಗೆ ಛತ್ರ ಕಟ್ಟಿದ. 1109ರಲ್ಲಿ ತೀರಿಕೊಂಡ ಅವನನ್ನು ಜನರು ‘ರಸ್ತೆಯ ಸಂತ ದೊಮಿಂಗೊ’ ಎಂದು ಕರೆದರು. ಅವನ ಹೆಸರಿನಲ್ಲಿ ಇಂದು ಒಂದು ಊರೇ ಇದೆ. ಮಠದೊಳಗೆ ಸೇರಿದ್ದರೆ ಅವನ ಹೆಸರು ಉಳಿಯುತ್ತಿತ್ತೋ ಇಲ್ಲವೋ!

ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ‘ಕೋದೆಕ್ಸ್ ಕಲಿಕ್ಸ್ತಿನುಸ್’ ಎಂಬ ದೊಡ್ಡ ಹಸ್ತಪ್ರತಿ ಸಿದ್ಧವಾಯಿತು. 2011ರಲ್ಲಿ ಇದು ದೇವಾಲಯದ ಭಂಡಾರದಿಂದಲೇ ಕಳವಾಗಿ, ಮರುವರ್ಷ ಒಂದು ಗ್ಯಾರೇಜಿನಲ್ಲಿ ಸಿಕ್ಕಿತು. ಅದರ ಐದನೆಯ ಭಾಗ ಯಾತ್ರಿಕರ ಕೈಪಿಡಿ. ಬರೆದವನು ಫ್ರಾನ್ಸಿನವನೆಂಬುದು ಪ್ರತಿ ಪುಟದಲ್ಲಿ ಗೊತ್ತಾಗುತ್ತದೆ. ತನ್ನ ಸೀಮೆಯವರನ್ನು ಬಿಟ್ಟು ಉಳಿದವರೆಲ್ಲ ಅವನಿಗೆ ಒರಟರು. ಯಾವ ನದಿಯ ನೀರು ಕುಡಿಯಬಹುದು, ಯಾವುದು ಬೇಡ, ಎಲ್ಲಿ ಅಂಬಿಗರು ಮೋಸ ಮಾಡುತ್ತಾರೆ ಎಂದು ಪಟ್ಟಿ ಕೊಡುತ್ತಾನೆ. ಒಂದು ನದಿಯ ದಡದಲ್ಲಿ ಇಬ್ಬರು ಕುಳಿತು ಚೂರಿ ಮಸೆಯುತ್ತಿದ್ದರಂತೆ. ನೀರು ಒಳ್ಳೆಯದೇ ಎಂದು ಕೇಳಿದರೆ ಒಳ್ಳೆಯದೇ ಎಂದರಂತೆ. ಕುಡಿದ ಕುದುರೆಗಳೆರಡು ಅಲ್ಲೇ ಸತ್ತವು. ಅವರು ಎದ್ದು ಬಂದು ಚರ್ಮ ಸುಲಿಯತೊಡಗಿದರು! ಬಾಸ್ಕ್ ಜನರನ್ನು ಬಾಯಿತುಂಬ ಬಯ್ದ ಈ ಮಹಾರಾಯನೇ ಅವರ ಭಾಷೆಯ ಹಲವು ಶಬ್ದಗಳನ್ನು ಬರೆದಿಟ್ಟಿದ್ದಾನೆ. ರೊಟ್ಟಿ, ದ್ರಾಕ್ಷಾರಸ, ನೀರು, ಮೀನು, ಮನೆ: ಪರದೇಶಿಗೆ ಬೇಕಾದ ಶಬ್ದಗಳೇ. ಆ ಭಾಷೆಯ ಅತಿ ಹಳೆಯ ಶಬ್ದಪಟ್ಟಿಗಳಲ್ಲಿ ಇದೊಂದೆಂದು ಇಂದಿನ ಭಾಷಾಶಾಸ್ತ್ರಜ್ಞರು ಅದನ್ನು ಬೆಲೆಯುಳ್ಳದ್ದಾಗಿ ಕಾಣುತ್ತಾರೆ.

ಈ ಕೈಪಿಡಿಯ ಕೊನೆಯ ಅಧ್ಯಾಯ ಸಂತನ ಮಹಿಮೆಯನ್ನು ಕುರಿತದ್ದಲ್ಲ. ಯಾತ್ರಿಕನನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದನ್ನು ಕುರಿತದ್ದು. ಬಡವನಿರಲಿ ಬಲ್ಲಿದನಿರಲಿ, ಬಂದವನಿಗೆ ಅನ್ನವನ್ನೂ ಆಸರೆಯನ್ನೂ ಕೊಡಬೇಕು. ರೊಟ್ಟಿ ಇಲ್ಲವೆಂದು ಸುಳ್ಳು ಹೇಳಿದವಳ ರೊಟ್ಟಿ ಕಲ್ಲಾಯಿತು. ಒಂದು ಬೀದಿಯವರೆಲ್ಲ ಬಾಗಿಲು ಹಾಕಿಕೊಂಡಾಗ ಆ ರಾತ್ರಿ ಬೆಂಕಿ ಬಿದ್ದು, ಇಬ್ಬರು ಯಾತ್ರಿಕರಿಗೆ ಜಾಗ ಕೊಟ್ಟ ಬಡವನ ಮನೆಯೊಂದು ಉಳಿಯಿತು. ಇವೂ ಪವಾಡಗಳೇ. ಆದರೆ ಕ್ಲಾವಿಹೊದ ಪವಾಡ ಕತ್ತಿಗೆ ಸಾಕ್ಷಿ ಹೇಳಿದರೆ, ಈ ಪವಾಡಗಳು ಅನ್ನಕ್ಕೆ ಸಾಕ್ಷಿ ಹೇಳುತ್ತವೆ. ಒಬ್ಬನೇ ಸಂತನ ಹೆಸರಿನಲ್ಲಿ ಎರಡು ಬಗೆಯ ಕಥೆಗಳು ಬೆಳೆದವು. ಯಾವುದನ್ನು ಹಿಡಿಯಬೇಕೆಂಬ ಆಯ್ಕೆ ಆಗಲೂ ಇತ್ತು, ಈಗಲೂ ಇದೆ.

ಅನ್ನದ ಕಥೆ ಇನ್ನೂ ಬದುಕಿರುವುದನ್ನು ನಾನು ಕಣ್ಣಾರೆ ಕಂಡೆ. ದಾರಿಯುದ್ದಕ್ಕೂ ‘ಆಲ್ಬೆರ್ಗೆ’ ಎಂಬ ಛತ್ರಗಳಿವೆ. ಒಂದರ ಮೇಲೊಂದು ಮಂಚ, ಬಾಗಿಲ ಬಳಿ ಸಾಲಾಗಿ ಕೆಸರಿನ ಬೂಟುಗಳು, ರಾತ್ರಿಯೆಲ್ಲ ನಾನಾ ದೇಶಗಳ ಗೊರಕೆ. ಕೆಲವು ಛತ್ರಗಳಲ್ಲಿ ಶುಲ್ಕವಿಲ್ಲ, ಒಂದು ಪೆಟ್ಟಿಗೆಯಿರುತ್ತದೆ, ಇದ್ದವರು ಹಾಕುತ್ತಾರೆ. ಅಸ್ತೋರ್ಗಾ ದಾಟಿದ ಮೇಲೆ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಹೆಜ್ಜೆ ಊರುವುದೇ ಕಷ್ಟವಾಯಿತು. ಛತ್ರವನ್ನು ನೋಡಿಕೊಳ್ಳುತ್ತಿದ್ದ ವಯಸ್ಸಾದ ಹೆಂಗಸು ನನ್ನನ್ನು ಕೂರಿಸಿ, ಬೋಗುಣಿಯಲ್ಲಿ ಬಿಸಿನೀರು ತಂದು, ನನ್ನ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಮದ್ದು ಹಚ್ಚಿದಳು. ನಮ್ಮಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ನಾನು ಕಾಲನ್ನು ಹಿಂದಕ್ಕೆಳೆದುಕೊಂಡೆ. ಅವಳು ನಕ್ಕು ಬಿಡಲಿಲ್ಲ. ಹರಕು ಇಂಗ್ಲಿಷಿನಲ್ಲಿ ಮಾತು ನಡೆಯಿತು. ಸಮಾಧಿಯಲ್ಲಿ ಯಾಕೋಬನೇ ಇದ್ದಾನೆಂದು ನಂಬುತ್ತೀರಾ ಎಂದು ಕೇಳಿದೆ. ತಾನು ಭಾನುವಾರದ ಪೂಜೆಗೂ ಹೋಗುವವಳಲ್ಲವೆಂದಳು. ಹಿಂದೆ ತಾನು ನಡೆದಾಗ ಗುರುತಿಲ್ಲದವರೊಬ್ಬರು ತನ್ನ ಕಾಲಿಗೂ ಹೀಗೆಯೇ ಮದ್ದು ಹಚ್ಚಿದ್ದರಂತೆ. ಅಂದಿನಿಂದ ಪ್ರತಿವರ್ಷ ಹದಿನೈದು ದಿನ ಇಲ್ಲಿ ಬಂದು ಇರುತ್ತಾಳಂತೆ. ಅವಳಿಗೆ ಅಷ್ಟು ಕಾರಣ ಸಾಕಾಗಿತ್ತು.

ಈ ದಾರಿ ಒಮ್ಮೆ ಸತ್ತು ಹುಟ್ಟಿದೆ ಎಂದರೂ ತಪ್ಪಾಗದು. ಹದಿನಾರನೆಯ ಶತಮಾನದಲ್ಲಿ ಲೂಥರ್, ಅಲ್ಲಿ ಹೂತಿರುವುದು ಯಾಕೋಬನೋ ಸತ್ತ ನಾಯಿಯೋ ಬಲ್ಲವರಾರು ಎಂದು ಗೇಲಿ ಮಾಡಿದ. 1589ರಲ್ಲಿ ಇಂಗ್ಲಿಷ್ ನೌಕಾಪತಿ ಡ್ರೇಕನ ದಾಳಿಗೆ ಹೆದರಿ ಆರ್ಚ್‌ಬಿಷಪರು ಮೂಳೆಗಳನ್ನು ಬಚ್ಚಿಟ್ಟರು. ಬಚ್ಚಿಟ್ಟ ಜಾಗವೇ ಮರೆತುಹೋಗಿ, ಸುಮಾರು ಮುನ್ನೂರು ವರ್ಷ ಜನರು ಬರಿದಾದ ಸಮಾಧಿಗೆ ಕೈಮುಗಿದರು! 1879ರಲ್ಲಿ ಅಗೆದಾಗ ಮೂಳೆಗಳು ಸಿಕ್ಕಿದವು. 1884ರಲ್ಲಿ ಹದಿಮೂರನೆಯ ಲಿಯೊ ಪೋಪರು ಅವು ಸಾಚಾ ಎಂದು ಸಾರಿದರು. ಅಂತರ್ಯುದ್ಧದ ನಡುವೆ, 1937ರಲ್ಲಿ, ಫ್ರಾಂಕೊ ಕುದುರೆಯೇರಿದ ಸಂತನನ್ನೇ ಮತ್ತೆ ರಾಷ್ಟ್ರದ ಪೋಷಕನನ್ನಾಗಿ ಮಾಡಿಕೊಂಡ. ಆದರೆ ದಾರಿಯಲ್ಲಿ ನಡೆಯುವವರು ಬರಲಿಲ್ಲ. ಅವರನ್ನು ಕರೆತಂದವನು ಓ ಸೆಬ್ರೇರೊ ಎಂಬ ಬೆಟ್ಟದೂರಿನ ಪಾದ್ರಿ ಏಲಿಯಾಸ್ ವಾಲಿಞಾ. 1965ರಲ್ಲಿ ಸಲಮಾಂಕಾ ನಗರದಲ್ಲಿ ಈ ದಾರಿಯ ಕುರಿತು ಡಾಕ್ಟರೇಟ್ ಪ್ರಬಂಧ ಮಂಡಿಸಿದ ವಿದ್ವಾಂಸ ಅವನು. ಪ್ರಬಂಧ ಬರೆದು ಸುಮ್ಮನಾಗಲಿಲ್ಲ. 1984ರಲ್ಲಿ, ರಸ್ತೆಗೆ ಗೆರೆ ಎಳೆದು ಮಿಕ್ಕಿದ್ದ ಹಳದಿ ಬಣ್ಣವನ್ನು ಕೇಳಿ ತಂದು, ತನ್ನ ಹಳೆಯ ಕಾರಿನಲ್ಲಿ ಹೊರಟು, ಮರ, ಕಲ್ಲು, ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತ ಹೋದ. 1989ರಲ್ಲಿ ಅವನು ತೀರಿಕೊಂಡ. ನಾನು ಹದಿನೈದು ದಿನ ಯಾರನ್ನೂ ದಾರಿ ಕೇಳದೆ ನಡೆದದ್ದು ಆ ಹಳದಿ ಬಾಣಗಳನ್ನು ನಂಬಿಯೇ.

1987ರಲ್ಲಿ ಯುರೋಪ್ ಮಂಡಲಿ ಇದನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು. 1993ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1985ರಲ್ಲಿ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದವರು ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. 2024ರಲ್ಲಿ ಆ ಸಂಖ್ಯೆ ಐದು ಲಕ್ಷಕ್ಕೆ ಸಮೀಪಿಸಿತು. ಕೊನೆಯ 100 ಕಿಲೊಮೀಟರು ನಡೆದವರಿಗೂ ಪತ್ರ ಸಿಗುವುದರಿಂದ ಸಾರಿಯಾ ಊರಿನಿಂದ ಆಚೆಗೆ ದಾರಿ ಜಾತ್ರೆಯಂತಾಗುತ್ತದೆ. ಗಂಟುಮೂಟೆಯನ್ನು ವ್ಯಾನಿನಲ್ಲಿ ಕಳಿಸಿ ಕೈಬೀಸಿಕೊಂಡು ನಡೆಯುವವರಿದ್ದಾರೆ. ಅವರನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ಮಧ್ಯಯುಗದಲ್ಲಿ ದುಡ್ಡು ಕೊಟ್ಟು ತಮ್ಮ ಬದಲು ಇನ್ನೊಬ್ಬನನ್ನು ನಡೆಸಿದ ಧನಿಕರಿದ್ದರು. ಫ್ಲಾಂಡರ್ಸಿನ ನ್ಯಾಯಾಲಯಗಳು ಅಪರಾಧಿಗಳಿಗೆ ಶಿಕ್ಷೆಯಾಗಿ ಈ ಯಾತ್ರೆಯನ್ನು ವಿಧಿಸುತ್ತಿದ್ದವು. ಶುದ್ಧ ಭಕ್ತರು ಮಾತ್ರ ನಡೆದ ಕಾಲ ಎಂದೂ ಇರಲಿಲ್ಲ.

ಆ ಹುಡುಗಿಯ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟು. ಪುರಾಣದ ಸತ್ಯಾಸತ್ಯವನ್ನು ಪರೀಕ್ಷಿಸುವುದು ಇತಿಹಾಸದ ಧರ್ಮ, ಅದನ್ನು ಬಿಡಬಾರದು. ಬಿಟ್ಟರೆ ಕೃತಕ ದಾನಪತ್ರಕ್ಕೆ ರೈತನು ಧಾನ್ಯ ಅಳೆಯುತ್ತಲೇ ಇರಬೇಕಾಗುತ್ತದೆ. ಆದರೆ ನಡೆದ ಹೆಜ್ಜೆ, ಕೊಟ್ಟ ಅನ್ನ, ಕಟ್ಟಿದ ಸೇತುವೆ ಇವೂ ಇತಿಹಾಸವೇ. ಇವುಗಳಿಗೆ ಪುರಾಣದ ಸಾಕ್ಷಿ ಬೇಕಾಗಿಲ್ಲ. ತಾಯಿಯ ನಡಿಗೆ ಸುಳ್ಳಲ್ಲ. ಅವಳಿಗೆ ದಾರಿಯಲ್ಲಿ ಮಜ್ಜಿಗೆ ಕೊಟ್ಟವರೂ ಸುಳ್ಳಲ್ಲ.

ಮೀನ್ಯೊ ನದಿಯ ದಡದ ಪೋರ್ತೊಮರೀನ್ ಎಂಬ ಊರು ಹೊಸದು. ಹಳೆಯ ಊರು 1960ರ ದಶಕದಲ್ಲಿ ಬೆಲೆಸಾರ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಅಲ್ಲಿನ ಇಗರ್ಜಿಯ ಕಲ್ಲುಗಳಿಗೆ ಸಂಖ್ಯೆ ಬರೆದು, ಬಿಚ್ಚಿ ತಂದು, ಮೇಲಿನ ದಿಣ್ಣೆಯಲ್ಲಿ ಮತ್ತೆ ಜೋಡಿಸಿದರು. ಕೆಲವು ಕಲ್ಲುಗಳ ಮೇಲೆ ಆ ಸಂಖ್ಯೆಗಳು ಈಗಲೂ ಕಾಣುತ್ತವೆ. ಶರಾವತಿಯ, ಕೃಷ್ಣೆಯ ಮುಳುಗಡೆಯನ್ನು ಬಲ್ಲ ಕನ್ನಡಿಗರಿಗೆ ಆ ನೋಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನಲ್ಲಿ ಯುದ್ಧದ ಕಾಲಕ್ಕೆ ಉರಾಕಾ ರಾಣಿ ಕೆಡವಿಸಿದ್ದ ಸೇತುವೆಯನ್ನು ಮತ್ತೆ ಕಟ್ಟಿದವನ ಹೆಸರನ್ನು ಹನ್ನೆರಡನೆಯ ಶತಮಾನದ ಆ ಕೈಪಿಡಿ ಮರೆತಿಲ್ಲ. 1120ಕ್ಕೆ ಮೊದಲು ರಬನಾಲ್ ಊರಿನಿಂದ ಪೋರ್ತೊಮರೀನ್‌ವರೆಗೆ ರಸ್ತೆಯನ್ನು ದುರಸ್ತಿ ಮಾಡಿದವರ ಪಟ್ಟಿಗೆಂದೇ ಅದರಲ್ಲಿ ಒಂದು ಪುಟ್ಟ ಅಧ್ಯಾಯವಿದೆ. ಆಂದ್ರೆಸ್, ರೊಹೆರಿಯೊ, ಅಲ್ವಿತೊ, ಫೋರ್ತೊ, ಅರ್ನಾಲ್ದೊ, ಎಸ್ತೆಬಾನ್, ಸೇತುವೆಯ ಪೆದ್ರೊ. ಅವರಲ್ಲಿ ರಾಜರಿಲ್ಲ, ಕುದುರೆಯೇರಿದವರಿಲ್ಲ. ಅವರ ಆತ್ಮಗಳಿಗೆ ಶಾಂತಿ ದೊರೆಯಲೆಂದು ಹಾರೈಸಿ ಆ ಅಧ್ಯಾಯ ಮುಗಿಯುತ್ತದೆ. ಸಮಾಧಿಯಲ್ಲಿರುವವನು ಯಾರೆಂದು ಪಂಡಿತರು ಇನ್ನೂ ಜಗಳಾಡಲಿ. ಈ ಏಳು ಜನರ ವಿಷಯದಲ್ಲಿ ಜಗಳವಿಲ್ಲ. ನಾನು ನಡೆದದ್ದು ಅವರು ಮಾಡಿದ ರಸ್ತೆಯಲ್ಲಿ.